ಅರಿಯದಿರುವುದು ನಿರ್ದೋಷವೇ?

ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವುದು ಶ್ರಾವಕರ ಮನೆಯ ನಿತ್ಯನಿಯಮ. ಸೋಸುವ ಗೃಹಿಣಿಯ ಕಣ್ಣಿಗೆ ಆ ನೀರಿನಲ್ಲಿ ಯಾವ ಜೀವಿಯೂ ಕಾಣುವುದಿಲ್ಲ. ಆದರೂ ಆಕೆ ಸೋಸುತ್ತಾಳೆ. ಕಾಣದ್ದನ್ನು ಇಲ್ಲವೆಂದು ಎಣಿಸುವುದು ಪ್ರಮಾದ ಎಂಬ ವಿವೇಕ ಈ ಸಣ್ಣ ಆಚರಣೆಯಲ್ಲಿ ಅಡಗಿದೆ. ಅದೇ ವಿವೇಕವನ್ನು ಮನೆಯೊಳಗಿನ ಗಾಳಿಗೂ ಅನ್ವಯಿಸಬೇಕಾದ ಪ್ರಸಂಗವೊಂದು ಇಂದಿನ ಗೃಹಸ್ಥನ ಮುಂದಿದೆ.

ರೇಡಾನ್ ಎಂಬುದು ಬಣ್ಣ, ವಾಸನೆ, ರುಚಿಗಳಿಲ್ಲದ ಅನಿಲ. ಕಲ್ಲು ಮಣ್ಣುಗಳಲ್ಲಿ ಅತ್ಯಲ್ಪವಾಗಿ ಬೆರೆತಿರುವ ಯುರೇನಿಯಂ ಕಾಲಾಂತರದಲ್ಲಿ ಕ್ಷಯಿಸುತ್ತ ರೇಡಿಯಂ ಆಗುತ್ತದೆ. ರೇಡಿಯಂನಿಂದ ಈ ಅನಿಲ ಹುಟ್ಟುತ್ತದೆ. ಸುಮಾರು 3.8 ದಿನಗಳಲ್ಲಿ ಅದರ ಅರ್ಧಾಂಶ ಕ್ಷಯಿಸಿ ಸೂಕ್ಷ್ಮ ಘನಕಣಗಳಾಗುತ್ತದೆ. ಉಸಿರಿನೊಡನೆ ಒಳಹೋದ ಈ ಕಣಗಳು ಶ್ವಾಸಕೋಶದಲ್ಲಿ ನೆಲೆಸಿ ವಿಕಿರಣ ಸೂಸುತ್ತವೆ. ಬಯಲಿನಲ್ಲಿ ಅನಿಲವು ಗಾಳಿಗೆ ಬೆರೆತು ತೆಳುವಾಗುತ್ತದೆ. ನೆಲದ ಬಿರುಕುಗಳಿಂದ ಮುಚ್ಚಿದ ಕೋಣೆಗೆ ನುಸುಳಿದರೆ ಅಲ್ಲಿಯೇ ಸಂಗ್ರಹವಾಗುತ್ತದೆ. ಅದು ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿ ನಿರ್ಣಯಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಮನೆಯ ಗಾಳಿಗೆ ಘನಮೀಟರಿಗೆ 100 ಬೆಕೆರೆಲ್ ಮಿತಿಯನ್ನು ಸೂಚಿಸಿತು. ಅದು ಸಾಧ್ಯವಾಗದ ದೇಶಗಳಲ್ಲಿ 300ನ್ನು ಮೀರಬಾರದೆಂದಿತು. ಧೂಮಪಾನಿಗಳಿಗೆ ಇದರ ಅಪಾಯ ಹಲವು ಪಟ್ಟು ಹೆಚ್ಚು.

1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರು ಅಣುವಿದ್ಯುತ್ ಸ್ಥಾವರದ ವಿಕಿರಣ ಸೂಚಕದ ಬಳಿ ಹಾದಾಗಲೆಲ್ಲ ಗಂಟೆ ಮೊಳಗುತ್ತಿತ್ತು. ದೋಷ ಸ್ಥಾವರದ್ದಲ್ಲ, ಅವರ ಮನೆಯದೆಂದು ಕೊನೆಗೆ ತಿಳಿಯಿತು. ಅಲ್ಲಿನ ಗಾಳಿಯಲ್ಲಿ ಘನಮೀಟರಿಗೆ ಸುಮಾರು 1 ಲಕ್ಷ ಬೆಕೆರೆಲ್ ರೇಡಾನ್ ಇತ್ತು. ಆ ಕುಟುಂಬವು ತನ್ನ ಮನೆಯನ್ನೇ ಅತ್ಯಂತ ಸುರಕ್ಷಿತ ಸ್ಥಳವೆಂದು ನಂಬಿ ಬಾಳುತ್ತಿತ್ತು.

ಮೈಸೂರು, ಮಂಡ್ಯ ಸೀಮೆಯ ನೆಲದಡಿಯಲ್ಲಿರುವುದು ಬಹುಪಾಲು ಪುರಾತನವಾದ ನೈಸ್ ಮತ್ತು ಗ್ರಾನೈಟ್ ಶಿಲೆ. ಶ್ರವಣಬೆಳಗೊಳದ ಬಾಹುಬಲಿಯ ವಿಗ್ರಹವನ್ನು ಕಡೆದ ಬೆಟ್ಟವೂ ಗ್ರಾನೈಟಿನದೇ. ಗ್ರಾನೈಟಿನಲ್ಲಿ ಯುರೇನಿಯಂ ಅಂಶವು ಇತರ ಅನೇಕ ಶಿಲೆಗಳಿಗಿಂತ ತುಸು ಹೆಚ್ಚು. ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದ ವಿದ್ವಾಂಸರು ಮೈಸೂರಿನ ಮನೆಗಳ ರೇಡಾನನ್ನು ಅಳೆದು ಫಲಿತಾಂಶಗಳನ್ನು ಪ್ರಕಟಿಸಿದ್ದಾರೆ. ಇದರಿಂದ ಈ ಸೀಮೆಯ ಮನೆಗಳೆಲ್ಲ ಅಪಾಯಕರವೆಂದು ಭಾವಿಸಬೇಕಾಗಿಲ್ಲ. ತೊಟ್ಟಿಯ ಮನೆಗಳಲ್ಲಿ ಗಾಳಿ ತಾನಾಗಿ ಸುಳಿದಾಡುತ್ತಿತ್ತು. ಆದರೆ ಅಕ್ಕಪಕ್ಕದ ಎರಡು ಮನೆಗಳಲ್ಲಿಯೂ ರೇಡಾನ್ ಸಮನಾಗಿರುವುದಿಲ್ಲ. ಅಳೆಯದೆ ತಿಳಿಯುವ ಉಪಾಯವಿಲ್ಲ.

ಗಂಜಾಮಿನ ಗೃಹಸ್ಥನೊಬ್ಬನಿಗೆ ಎರಡಂತಸ್ತಿನ ಮನೆಯಿದೆಯೆಂದು ಊಹಿಸಬಹುದು. ಮೇಲೆ ತಾನಿದ್ದುಕೊಂಡು, ಕಿಟಕಿಗಳು ಕಡಿಮೆಯಿರುವ ಕೆಳಗಿನ ಕೋಣೆಗಳನ್ನು ಎಳೆಯ ಮಗುವಿರುವ ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದಾನೆ. ರೇಡಾನಿನ ವಿಷಯ ಅವನ ಕಿವಿಗೆ ಬೀಳುತ್ತದೆ. ಪರೀಕ್ಷೆ ಮಾಡಿಸಿದರೆ ಅಂಕಿ ಹೆಚ್ಚಾಗಿ ಬರಬಹುದು. ಬಂದರೆ ನೆಲ ಕೀಳಿಸಬೇಕಾದೀತು, ಬಾಡಿಗೆದಾರ ಬಿಟ್ಟುಹೋದಾನು. ಪರೀಕ್ಷಿಸದಿದ್ದರೆ ತನಗೆ ಏನೂ ತಿಳಿಯದು, ತಿಳಿಯದವನಿಗೆ ದೋಷವೆಲ್ಲಿಯದು? ಹೀಗೆ ಅವನ ಮನಸ್ಸು ವಾದಿಸುತ್ತದೆ.

ಈ ವಾದದ ಕುಂದನ್ನು ವ್ಯಾಪಾರಸ್ಥರು ಬೇಗ ಗುರುತಿಸಬಲ್ಲರು. ಲೆಕ್ಕದ ಪುಸ್ತಕ ತೆರೆಯದ ಮಾತ್ರಕ್ಕೆ ಅಂಗಡಿಯ ನಷ್ಟ ಇಲ್ಲವಾಗುವುದಿಲ್ಲ. ಅರಿಯಲು ಸಾಧ್ಯವೇ ಇಲ್ಲದ್ದನ್ನು ಅರಿಯದಿರುವುದು ದೋಷವಲ್ಲ. ಅಲ್ಪ ಯತ್ನದಿಂದ ಅರಿಯಬಹುದಾದುದನ್ನು, ಅರಿತರೆ ಕರ್ತವ್ಯ ಬೀಳುತ್ತದೆಂಬ ಭಯದಿಂದ ಅರಿಯದಿರುವುದು ಪ್ರಮಾದ. ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಂಡ ಉಮಾಸ್ವಾಮಿಗಳ ದೃಷ್ಟಿಯಲ್ಲಿ ಇಂಥ ಅಜ್ಞಾನ ರಕ್ಷೆಯಾಗಲಾರದು. ಅದರಲ್ಲಿಯೂ ಇಲ್ಲಿ ಉಳಿತಾಯ ಒಬ್ಬನದು, ಉಸಿರು ಮತ್ತೊಬ್ಬರದು.

ಹಾಗಾದರೆ ತಜ್ಞರಿಗೆ ಹಣ ತೆತ್ತು ಪರೀಕ್ಷೆ ಮಾಡಿಸಿದೊಡನೆ ಹೊಣೆ ಮುಗಿಯುವುದೇ? ಜೈನಾಚಾರವು ಕರ್ಮವನ್ನು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಾಗಿ ಎಣಿಸಿದೆ. ತಾನು ಮಾಡಿದ್ದು ಮಾತ್ರವಲ್ಲ, ಮಾಡಿಸಿದ್ದೂ ಒಪ್ಪಿದ್ದೂ ತನ್ನದೇ. ಪರೀಕ್ಷಾ ಉಪಕರಣವನ್ನು ಜನ ಮಲಗುವ ಕೆಳಗಿನ ಕೋಣೆಯಲ್ಲಿ, ಕಿಟಕಿಬಾಗಿಲುಗಳಿಂದ ದೂರವಿಡಬೇಕು. ನಮ್ಮ ದೇಶದ ಸಂಶೋಧಕರು ಬಳಸುವ ಫಿಲ್ಮನ್ನು ಸುಮಾರು ಮೂರು ತಿಂಗಳು ಕೋಣೆಯಲ್ಲಿರಿಸಿ, ಬಳಿಕ ಪ್ರಯೋಗಾಲಯದಲ್ಲಿ ಕ್ಷಾರದ ದ್ರಾವಣದಲ್ಲಿ ತೊಳೆದು, ಅದರ ಮೇಲೆ ವಿಕಿರಣ ಮೂಡಿಸಿದ ಗುರುತುಗಳನ್ನು ಎಣಿಸುತ್ತಾರೆ. ರೇಡಾನಿನ ಪ್ರಮಾಣ ದಿನದಿನಕ್ಕೂ ಋತುಋತುವಿಗೂ ಏರಿಳಿಯುವುದರಿಂದ ಎರಡು ದಿನದ ಅಳತೆಯು ಸುಳುಹು ಮಾತ್ರ. ಅಂಕಿ ಇಳಿಯಲೆಂದು ಮನೆಯೊಡೆಯನು ಉಪಕರಣವನ್ನು ತೆರೆದ ಕಿಟಕಿಯ ಬಳಿ ಇರಿಸಿದರೆ, ಅದು ತಕ್ಕಡಿಯ ತಟ್ಟೆಗೆ ಮೇಣ ಅಂಟಿಸಿದಂತೆ. ಕಳ್ಳ ಅಳತೆಯನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸೇರಿಸಿದ್ದು ಅಂಗಡಿಯ ಕಟ್ಟೆಗೆ ಮಾತ್ರ ಸಲ್ಲುವ ಮಾತಲ್ಲ.

ತಜ್ಞನಿಗೂ ಧರ್ಮವಿದೆ. ಅಳೆಯುವವನೇ ಪರಿಹಾರವನ್ನೂ ಮಾರುವವನಾದರೆ ಅಂಕಿ ಹೆಚ್ಚಿದಷ್ಟೂ ಅವನಿಗೆ ಲಾಭ. ಆದಕಾರಣ ಅಳತೆಯನ್ನು ಒಬ್ಬರಿಂದಲೂ ದುರಸ್ತಿಯನ್ನು ಮತ್ತೊಬ್ಬರಿಂದಲೂ ಮಾಡಿಸುವುದು ಉಚಿತ. ಭಯವನ್ನು ಬೆಳೆಸಿ ಹಣ ಕೀಳುವುದೂ, ಭಯಬಿದ್ದು ಮೌನವಹಿಸುವುದೂ ಎರಡು ಅತಿಗಳು. ನೆಲದ ಬಿರುಕು ಮುಚ್ಚುವುದು, ಕಿಟಕಿಗಳನ್ನು ತೆರೆದು ಗಾಳಿಯಾಡಲು ಬಿಡುವುದು ಮೊದಲ ಪರಿಹಾರಗಳು. ಅಂಕಿ ಬಹಳ ಹೆಚ್ಚಿದ್ದರೆ ಕೊಳವೆ ಹಾಗೂ ಫ್ಯಾನಿನಿಂದ ನೆಲದಡಿಯ ಅನಿಲವನ್ನು ಹೊರಕ್ಕೆ ಸೆಳೆಯುವ ವಿಧಾನವೂ ಇದೆ.

ಬಸದಿಗಳ ಟ್ರಸ್ಟುಗಳಿಗೂ ಈ ವಿಚಾರ ಸಲ್ಲುತ್ತದೆ. ಪುರೋಹಿತರ ವಸತಿ, ಯಾತ್ರಿನಿವಾಸದ ನೆಲಮಾಳಿಗೆ, ವಿದ್ಯಾರ್ಥಿಗಳ ಕೋಣೆ ಇವೆಲ್ಲ ಅವರ ಆಡಳಿತದಲ್ಲಿವೆ. ಅಲ್ಲಿ ವಾಸಿಸುವವರು ಪರೀಕ್ಷೆ ಬೇಕೆಂದು ಕೇಳಲಾರರು. ವರದಿಯನ್ನು ತರಿಸಿ ಕಡತದಲ್ಲಿ ಮುಚ್ಚಿಟ್ಟರೆ ಸಭೆಯಲ್ಲಿ ಸಹಿ ಹಾಕಿದವರೆಲ್ಲರದೂ ಅನುಮೋದನೆಯಾಗುತ್ತದೆ.

ಗಂಜಾಮಿನ ಆ ಗೃಹಸ್ಥನು ಕೊನೆಗೆ ಪರೀಕ್ಷೆ ಮಾಡಿಸಿದನೆನ್ನೋಣ. ಅಂಕಿ ಕಡಿಮೆ ಬಂದರೆ ಎರಡೂ ಸಂಸಾರಗಳಿಗೆ ನೆಮ್ಮದಿ. ಹೆಚ್ಚು ಬಂದರೆ ಅವನು ಮೊದಲು ಮಾಡಬೇಕಾದ ಕಾರ್ಯ ಮೆಟ್ಟಿಲಿಳಿದು ಹೋಗಿ ಬಾಡಿಗೆದಾರನ ಕೈಗೆ ಆ ಕಾಗದವನ್ನು ಕೊಡುವುದು. ಕೆಲಸದವರನ್ನು ಕರೆಸುವುದು ಅನಂತರದ್ದು.