ಸರದಿ ಬಾರದವರು

ಕೊಳೆತ ಹಣ್ಣಿನಲ್ಲಿ ಬಾಳುವ ದುಂಡುಹುಳುವೊಂದಿದೆ; ಹೆಸರು ಸೀನೊರಾಬ್ಡೈಟಿಸ್ ಎಲೆಗನ್ಸ್, ಉದ್ದ ಸುಮಾರು ಒಂದು ಮಿಲಿಮೀಟರು. ಅದರ ಮೈಯ ಒಂದೊಂದು ಜೀವಕೋಶವೂ ಯಾವುದರಿಂದ ಹುಟ್ಟಿತೆಂಬ ವಂಶಾವಳಿಯನ್ನು ಜಾನ್ ಸಲ್‌ಸ್ಟನ್ ಮತ್ತು ಸಂಗಡಿಗರು 1983ರ ಹೊತ್ತಿಗೆ ಪೂರ್ತಿಯಾಗಿ ಗುರುತಿಸಿಟ್ಟರು. ಮನುಷ್ಯರ ಯಾವ ಮನೆತನಕ್ಕೂ ಅಷ್ಟು ನಿಷ್ಕೃಷ್ಟವಾದ ವಂಶವೃಕ್ಷವಿರಲಾರದು.

ಈ ಹುಳುವಿನಲ್ಲಿ ಮೊಟ್ಟೆಯಿಡುವ ದ್ವಾರ ರೂಪುಗೊಳ್ಳುವ ಬಗೆ ಕೌತುಕದ್ದು. ಮರಿಯ ಹೊಟ್ಟೆಯ ಅಡಿಯಲ್ಲಿ ಆರು ಕೋಶಗಳು ಸಾಲಾಗಿರುತ್ತವೆ. ಆರಕ್ಕೂ ಆ ಅಂಗವಾಗುವ ಶಕ್ತಿಯುಂಟು. ಮೇಲಿನಿಂದ ‘ಲಂಗರು ಕೋಶ’ವೆಂಬುದೊಂದು ಸಂಕೇತ ಕಳುಹುತ್ತದೆ. ಅದಕ್ಕೆ ಅತಿ ಸಮೀಪದ ಕೋಶ, ಅದರ ಅಕ್ಕಪಕ್ಕದವೆರಡು, ಹೀಗೆ ಮೂರೇ ಕೋಶಗಳು ಒಡೆದು 22 ಆಗಿ ದ್ವಾರವನ್ನು ಕಟ್ಟುತ್ತವೆ. ಮಿಕ್ಕ ಮೂರು ಚರ್ಮದಲ್ಲಿ ಬೆರೆತುಹೋಗುತ್ತವೆ. ನಡುವಿನದನ್ನು ಲೇಸರಿನಿಂದ ಸುಟ್ಟರೆ ನೆರೆಯದು ಆ ಕೆಲಸಕ್ಕೆ ನಿಲ್ಲಬಲ್ಲದು. ಲಂಗರು ಕೋಶವನ್ನೇ ಸುಟ್ಟರೆ ದ್ವಾರವೇ ಇಲ್ಲ.

ಜೀರುಂಡೆಗಳ ಸಂಗಡ ಬಾಳುವ ಪ್ರಿಸ್ಟಿಯಾಂಕಸ್ ಪೆಸಿಫಿಕಸ್ ಇದರ ದೂರದ ನಂಟ. ಅದರಲ್ಲೂ ಅವೇ ಮೂರು ಕೋಶಗಳಿಂದ ಅದೇ ಅಂಗ. ಆದರೆ ಸಂಕೇತ ಒಂದು ಕೋಶದ್ದಲ್ಲ, ಹಲವು ಕೋಶಗಳದು. ಅದರ ರಾಸಾಯನಿಕ ಭಾಷೆಯೂ ಬೇರೆ. ಸಾಲಿನ ಮುಂದಿನ ಎರಡು ಕೋಶಗಳಂತೂ ಚರ್ಮವನ್ನು ಸೇರುವುದಿಲ್ಲ; ಸರದಿ ಬರುವ ಮೊದಲೇ ಸಾಯುತ್ತವೆ. ಬೆಳೆದ ಹುಳುಗಳ ದ್ವಾರವನ್ನಷ್ಟೇ ನೋಡಿದವನಿಗೆ ಇದಾವುದೂ ತಿಳಿಯದು.

ಫಲ ಒಂದೇ ಆದಮೇಲೆ ದಾರಿಯ ಮಾತೇಕೆ ಎಂದು ಯಾರಾದರೂ ಕೇಳಬಹುದು. ಹುಳುವಿನ ಮಟ್ಟಿಗೆ ಆ ಮಾತು ಸರಿಯೇ. ಕೋಶಕ್ಕೆ ಆಸೆಯಿಲ್ಲ, ಅವಮಾನವಿಲ್ಲ. ಪ್ರಕೃತಿ ನಮಗೆ ಧರ್ಮಶಾಸ್ತ್ರವೂ ಅಲ್ಲ. ಆದರೆ ಫಲವನ್ನು ಕಂಡು ಕಾರಣವನ್ನು ಊಹಿಸುವ ನಮ್ಮ ಅಭ್ಯಾಸವನ್ನು ಈ ಹುಳುಗಳು ಸಂದೇಹಕ್ಕೆ ಗುರಿಮಾಡುತ್ತವೆ. ಗೆದ್ದವನನ್ನು ಕಂಡೊಡನೆ ‘ಯೋಗ್ಯತೆಯಿತ್ತು, ಮೇಲೆ ಬಂದ’ ಎನ್ನುತ್ತೇವೆ. ಯೋಗ್ಯತೆ ಇದ್ದದ್ದು ನಿಜ. ಆದರೆ ಪಕ್ಕದವನಿಗೂ ಅದು ಇರಲಿಲ್ಲವೆಂದು ಹೇಳಲು ಸಾಕ್ಷಿಯೇನು? ಮಗನ ಕಾಲೇಜಿನ ಫೀಜಿಗಾಗಿ ಮಗಳ ಶಾಲೆ ಬಿಡಿಸಿದ ಮನೆಗಳು ನಮ್ಮಲ್ಲಿ ಕಡಮೆಯೇ? ಮಗ ಇಂಜಿನಿಯರಾದುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅವಳು ಏನಾಗಬಹುದಿತ್ತೆಂಬುದು ಯಾರಿಗೂ ಕಾಣದು.

ಎಲ್ಲರಿಗೂ ಎಲ್ಲ ಸ್ಥಾನವೂ ಸಿಕ್ಕದು. ಅದು ಲೋಕದ ಇಕ್ಕಟ್ಟು. ಆದರೆ ಸ್ಥಾನ ಸಿಕ್ಕದವರಿಗೆ ಬೇರೊಂದು ಬಾಳನ್ನು ಉಳಿಸಿಕೊಟ್ಟೆವೋ, ಅದನ್ನೂ ಕಿತ್ತುಕೊಂಡೆವೋ ಎಂಬುದು ನಮ್ಮ ಹೊಣೆ. ಆ ಲೆಕ್ಕ ಗೆದ್ದವರ ಮುಖದಲ್ಲಿ ಬರೆದಿರುವುದಿಲ್ಲ. ಉಳಿದವರನ್ನು ಹುಡುಕಿ ಹೋಗಿಯೇ ಓದಬೇಕು.