ಮನೆಯ ದೀಪವೂ ಮಿತವ್ಯಯದ ಧರ್ಮವೂ

ಸಂಜೆಗೆ ದೀಪ ಹಚ್ಚುವುದು ಎಂಬ ಮಾತು ನಮ್ಮ ನಾಲಗೆಯ ಮೇಲೆ ಇಂದಿಗೂ ಉಳಿದಿದೆ. ಹಚ್ಚುವ ಕ್ರಿಯೆ ಮಾತ್ರ ಗುಂಡಿ ಒತ್ತುವಷ್ಟಕ್ಕೆ ಇಳಿದಿದೆ. ಹಣತೆಯ ಕಾಲದಲ್ಲಿ ಗೃಹಿಣಿಯ ಕಣ್ಣೆದುರಿಗೇ ಎಣ್ಣೆ ಇಳಿಯುತ್ತಿತ್ತು. ಆದುದರಿಂದ ಊಟ ಮುಗಿದೊಡನೆ ಬತ್ತಿ ತಗ್ಗಿಸುವುದು ಯಾರೂ ಬೋಧಿಸದೆಯೇ ಬಂದ ಅಭ್ಯಾಸವಾಗಿತ್ತು. ವಿದ್ಯುತ್ತು ಇಳಿಯುವುದು ಯಾರ ಕಣ್ಣಿಗೂ ಕಾಣದು.

ಟಂಗ್‌ಸ್ಟನ್ ತಂತಿಯ ಹಳೆಯ ಬಲ್ಬು ತಾನು ಹೀರಿದ ವಿದ್ಯುತ್ತಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲನ್ನು ಶಾಖವಾಗಿ ಚೆಲ್ಲುತ್ತದೆ. 60 ವ್ಯಾಟಿನ ಅಂತಹ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ವರ್ಷಕ್ಕೆ ಸುಮಾರು 110 ಯೂನಿಟ್ ಬೇಕು. ಹೆಚ್ಚುಕಡಿಮೆ ಅಷ್ಟೇ ಬೆಳಕು ನೀಡುವ 9 ವ್ಯಾಟಿನ ಎಲ್‌ಇಡಿಗೆ 16 ಯೂನಿಟ್ ಸಾಕು. ಲೆಕ್ಕ ಇಷ್ಟು ಸ್ಪಷ್ಟವಿರುವಾಗ ವಿಚಾರ ಮಾಡುವುದೇನಿದೆ ಎಂದು ನೀವು ಕೇಳಬಹುದು.

ಆದರೆ ಲೆಕ್ಕವೇ ಇಲ್ಲದಾದರೆ? 2023ರಲ್ಲಿ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಿತು. ಗೊತ್ತುಪಡಿಸಿದ ಮಿತಿಯೊಳಗೆ, 200 ಯೂನಿಟ್ ಮೀರದಂತೆ ಬಳಸುವ ಮನೆಗೆ ಬಿಲ್ಲು ಶೂನ್ಯ. ಬಡವರಿಗೆ ಅದು ನಿಜವಾದ ಆಸರೆ. ಅದನ್ನು ನಾನು ಹಳಿಯಲಾರೆ. ಆದರೆ ‘ಹೇಗೂ ಬಿಲ್ಲಿಲ್ಲ, ಉರಿದರೆ ಉರಿಯಲಿ ಬಿಡಿ’ ಎಂಬ ಮಾತನ್ನು ಅನುಕೂಲಸ್ಥರ ಪಡಸಾಲೆಯಲ್ಲಿ ಕೇಳಿದ್ದೇನೆ. ಮುಚ್ಚಿಡುವುದೇಕೆ, ಒಮ್ಮೆ ನಾನೇ ಆಡಿದ್ದೇನೆ. ಹಣಕ್ಕಾಗಿ ಕೈಕೊಂಡ ಮಿತವ್ಯಯ ಹಣದ ಮಾತು ತೀರಿದೊಡನೆ ತೀರುವುದಾದರೆ, ಅದು ಸದ್ಗುಣವಾಗಿತ್ತೋ, ಬರಿಯ ಜಾಣತನವಾಗಿತ್ತೋ?

ಬೆಲೆ ಶೂನ್ಯವಾದುದು ಬಿಲ್ಲಿನ ಹಾಳೆಯಲ್ಲಿ ಮಾತ್ರ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನ ಗದ್ದೆ ತೋಟಗಳನ್ನು ಬಿಟ್ಟು ಹೊರಟರು. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟಮೇಲೆ ಉಳಿಯುವ ಬೂದಿಗೆ ಯಾರ ಬಿಲ್ಲಿನಲ್ಲಿಯೂ ಸ್ಥಾನವಿಲ್ಲ. ನಮ್ಮ ಪಡಸಾಲೆ ಬೆಳಗಲು ಬೇರೆಯವರು ತೆತ್ತ ಬೆಲೆಯಿದು. ನಾವು ತೆರುವುದು ಶೂನ್ಯವಾದಷ್ಟೂ ಅವರ ಋಣ ಹೆಚ್ಚು ಕಾಣಬೇಕು, ಕಡಿಮೆಯಲ್ಲ.

‘ನಾನು ಎಲ್‌ಇಡಿ ಹಾಕಿಸಿದ್ದೇನೆ, ಇನ್ನೇನು?’ ಎಂಬ ಸಮಾಧಾನವೂ ಅಷ್ಟು ಭದ್ರವಲ್ಲ. ಆಂಗ್ಲ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಷ್ಟು ಹಿಂದೆಯೇ, ಯಂತ್ರಗಳು ಕಲ್ಲಿದ್ದಲನ್ನು ಮಿತವಾಗಿ ಬಳಸತೊಡಗಿದಂತೆ ದೇಶದಲ್ಲಿ ಕಲ್ಲಿದ್ದಲಿನ ಖರ್ಚು ಇಳಿಯದೆ ಏರುತ್ತದೆಂದು ತೋರಿಸಿದ್ದನು. ನಮ್ಮ ಮನೆಗಳನ್ನೇ ನೋಡಿರಿ. ಒಂದು ದೀಪವಿದ್ದ ಕೋಣೆಯಲ್ಲಿ ಈಗ ಮಾಳಿಗೆಯ ಸುತ್ತ ಎಂಟು ದೀಪಗಳು. ಗೇಟಿನ ಕಂಬದ ದೀಪ ಹೊತ್ತು ಏರಿದರೂ ಆರುವುದಿಲ್ಲ. ಉಳಿಸಿದ್ದನ್ನು ಉಳಿಯಲು ಬಿಡುವುದೇ ಇಲ್ಲಿ ಕಷ್ಟದ ಭಾಗ. ಬಲ್ಬನ್ನು ಅಂಗಡಿಯವನು ಕೊಟ್ಟಾನು. ಈ ಭಾಗವನ್ನು ಅವನು ಕೊಡಲಾರನು.

ಓದುಗರೊಬ್ಬರು ಕೇಳಿದ್ದರು: ಇನ್ನೂ ಉರಿಯುತ್ತಿರುವ ಹಳೆಯ ಬಲ್ಬನ್ನು ಎಸೆಯುವುದು ತಪ್ಪಲ್ಲವೇ? ಗಂಟೆಗಟ್ಟಲೆ ಉರಿಯುವ ಕಡೆ ಅದನ್ನು ಉಳಿಸಿಕೊಂಡರೆ ದಿನದಿನವೂ ನಷ್ಟ. ಕ್ಷಣಹೊತ್ತು ಉರಿಯುವ ಕಡೆ ಇಟ್ಟರೆ ಬಾಧೆಯಿಲ್ಲ. ನಮ್ಮ ಮನೆಯ ಉಗ್ರಾಣದಲ್ಲಿ ಅಂತಹುದೊಂದು ಇಂದಿಗೂ ಇದೆ. ಅಕ್ಕಿ ಅಳೆದುಕೊಳ್ಳುವಷ್ಟು ಹೊತ್ತು ಉರಿಯುತ್ತದೆ.