ಇರುವೆಯನ್ನು ಗುಂಡಿಗೆ ಹಾಕಬಹುದೇ?

ಬಂಡೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಹಳೆಯ ಮನೆಗಳ ಸೂರಿನಡಿ, ಮಳೆ ತಾಗದ ಹುಡಿಮಣ್ಣಿನಲ್ಲಿ, ಬೆರಳ ತುದಿ ಅದ್ದಿ ತೆಗೆದಂತಹ ಪುಟ್ಟ ಗುಂಡಿಗಳು ಕಾಣುತ್ತವೆ. ಆಲಿಕೆಯ ಆಕಾರ. ತಳದಲ್ಲಿ ಒಂದು ಮರಿಹುಳ ಮಣ್ಣಿನೊಳಗೆ ಮೈ ಹುದುಗಿಸಿ, ದವಡೆ ಅಗಲಿಸಿ ಕಾಯುತ್ತಿರುತ್ತದೆ. ಪುಸ್ತಕದಲ್ಲಿ ಇದರ ಹೆಸರು ಇರುವೆಸಿಂಹ. ಒಣಮಣ್ಣು ಜಾರದೆ ನಿಲ್ಲುವುದಕ್ಕೆ ಒಂದು ಮಿತಿಯ ಇಳಿಜಾರಿದೆ. ಹುಳ ತನ್ನ ಗುಂಡಿಯನ್ನು ಹೆಚ್ಚೂಕಡಿಮೆ ಆ ಮಿತಿಯಲ್ಲೇ ಕಟ್ಟುತ್ತದೆ. ಹಾಗಾಗಿ ಇರುವೆಯಷ್ಟು ಹಗುರದ ಜೀವ ಕಾಲಿಟ್ಟರೂ ಮಣ್ಣು ಕುಸಿಯುತ್ತದೆ. ಅದು ಹತ್ತಲು ಹೆಣಗಿದರೆ ಹುಳ ತಲೆಯಿಂದ ಮಣ್ಣು ಚಿಮ್ಮಿ ಕೆಡವುತ್ತದೆ. ಇದಕ್ಕಿಂತ ಅಗ್ಗದ ಭೌತಶಾಸ್ತ್ರದ ಪ್ರಯೋಗಶಾಲೆ ನನಗೆ ಗೊತ್ತಿಲ್ಲ.

ಇದನ್ನು ಕಂಡ ಮಕ್ಕಳು ಮಾಡುವ ಮೊದಲ ಕೆಲಸ, ಒಂದು ಇರುವೆ ಹಿಡಿದು ಗುಂಡಿಗೆ ಹಾಕುವುದು. ಹಾಗೆ ಹಾಕಿದ ಹುಡುಗಿಯೊಬ್ಬಳು, ಯಾರೂ ಕೇಳದೆಯೇ, ತನ್ನ ಪರವಾಗಿ ವಾದಿಸಿದಳು: "ನಾ ಹಾಕ್ದೆ ಇದ್ರೂ ಯಾವ್ದಾರ ಒಂದ್ ಇರುವೆ ಬಿದ್ದೇ ಬೀಳ್ತಿತ್ತಲ್ವಾ ಸಾರ್?" ಬೀಳುತ್ತಿತ್ತು, ಆದರೆ ಈ ಇರುವೆ ಅಲ್ಲ, ಎಂದೆ. "ಅಂಗಾರೆ ಹುಳ ಉಪವಾಸ ಇರ್ಬೇಕಾ?" ಹುಲ್ಲುಕಡ್ಡಿಯಿಂದ ಒಂದೆರಡು ಕಣ ಮಣ್ಣು ಉರುಳಿಸು, ಆಗಲೂ ಹುಳ ಮಣ್ಣು ಚಿಮ್ಮುತ್ತದೆ, ನಿನಗೆ ನೋಡಬೇಕಾದದ್ದು ಕಾಣುತ್ತದೆ, ಎಂದೆ. ಮಾಡಿ ನೋಡಿದಳು. ಆಮೇಲೆ, "ಇದು ಮೋಸ ಅಲ್ವಾ?" ಎಂದಳು.

ಮೂರೂ ಒಳ್ಳೆಯ ಪ್ರಶ್ನೆಗಳು. ಮೂರನೆಯದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹಸಿದ ಹುಳವನ್ನು ಸುಮ್ಮನೆ ದುಡಿಸಿದ್ದು ನಿಜ, ಆದರೆ ಅದು ಚಿಮ್ಮಿದ ಮಣ್ಣು ಅದಕ್ಕೆ ಮರುಗಳಿಗೆಯ ನಷ್ಟ. ಇರುವೆ ಕಳೆದುಕೊಂಡದ್ದು ಎಲ್ಲವನ್ನೂ. ಮೊದಲನೆಯ ಪ್ರಶ್ನೆಯೇ ಹೆಚ್ಚು ಕಷ್ಟದ್ದು. ಪ್ರಕೃತಿಯೇ ಕೊಲ್ಲುವಾಗ ನಾನು ಕೊಂದರೇನು ಎಂಬ ಮಾತನ್ನು ದೊಡ್ಡವರೂ ಆಡುತ್ತಾರೆ. ಹುಳಕ್ಕೆ ಬೇರೆ ದಾರಿ ಇಲ್ಲ, ನಮಗೆ ಇತ್ತು: ಅರ್ಧ ಗಂಟೆ ಕಾದು ಕೂರಬಹುದಿತ್ತು. ನಾವು ಉಳಿಸಿಕೊಂಡ ಆ ಅರ್ಧ ಗಂಟೆಯ ಲೆಕ್ಕ ಇರುವೆಯ ತಲೆಗೆ ಬಿತ್ತು.

ಹಾಗೆಂದು, ನೋವು ಮಾಡಿ ಪಡೆದ ತಿಳಿವೆಲ್ಲ ತಪ್ಪು ಎನ್ನಲಾರೆ. ಬಂಡೂರು ಎಂದರೆ ಜನಕ್ಕೆ ನೆನಪಾಗುವುದು ಕುರಿ: ಗಿಡ್ಡ ಕಾಲು, ಅಗಲ ಬೆನ್ನು, ಹಿಂದಿನಿಂದ ನೋಡಿದರೆ ತಲೆಕೆಳಗಾದ 'ಯು' ಅಕ್ಷರದಂತಹ ಮೈಕಟ್ಟು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಈ ಸೀಮೆಯಂತಹ ತೇವದ ನೆಲದಲ್ಲಿ ಮೇಯುವ ಕುರಿಗಳ ಪಿತ್ತಜನಕಾಂಗಕ್ಕೆ ಒಂದು ಚಪ್ಪಟೆ ಹುಳ ಸೇರುತ್ತದೆ. ಅದರ ಮರಿ ನೀರಿನ ಬಸವನಹುಳುವಿನೊಳಗೆ ಬೆಳೆದು, ಹೊರಬಂದು, ಹುಲ್ಲಿಗೆ ಅಂಟಿಕೊಂಡು ಕುರಿಯ ಹೊಟ್ಟೆಗೆ ಹೋಗುತ್ತದೆ ಎಂಬುದನ್ನು 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಎ.ಪಿ. ಥಾಮಸ್, ಜರ್ಮನಿಯ ರುಡಾಲ್ಫ್ ಲ್ಯೂಕಾರ್ಟ್ ಬೇರೆಬೇರೆಯಾಗಿ ಕಂಡುಹಿಡಿದರು. ಬಸವನಹುಳು ಸೀಳದೆ ಅದು ತಿಳಿಯುತ್ತಿರಲಿಲ್ಲ. ಎಷ್ಟು ಕಾದರೂ ತಿಳಿಯುತ್ತಿರಲಿಲ್ಲ. ಅಲ್ಲಿ ಕತ್ತಿಗೆ ಒಂದು ಸಮರ್ಥನೆ ಇದೆ. ಉತ್ತರ ಗೊತ್ತಿದ್ದೂ ಮತ್ತೆ ಮತ್ತೆ ಹಾಕುವ ಇರುವೆಗೆ, ಬಾಲಕ್ಕೆ ದಾರ ಕಟ್ಟಿ ಹಾರಿಸುವ ಏರೋಪ್ಲೇನ್ ಚಿಟ್ಟೆಗೆ ಅದು ಇಲ್ಲ.

(ಇರುವೆಗಾಗಿ ಇಷ್ಟು ವಾದಿಸುವ ನಾನು ಬಂಡೂರು ಕುರಿಯ ಬಾಡೂಟಕ್ಕೆ ಕರೆದರೆ ಹೋಗುತ್ತೇನೆ. ಹಸಿವು ತನ್ನನ್ನು ಮುಗ್ಧ ಎಂದು ಕರೆದುಕೊಳ್ಳುವುದಿಲ್ಲ. ಕುತೂಹಲ ಕರೆದುಕೊಳ್ಳುತ್ತದೆ, ಅದಕ್ಕೇ ಅದರ ಮೇಲೆ ನನಗೆ ಅನುಮಾನ.)

ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ಅಪಾಯದ ಪ್ರಯೋಗಗಳನ್ನು ತನ್ನ ಮೈಮೇಲೆಯೇ ಮಾಡಿಕೊಂಡಿದ್ದ ಮನುಷ್ಯ. ಇಲ್ಲಿ ಅವರು ತಮ್ಮ ಕಿರಿಯರನ್ನು ಕೊಲ್ಲದೆ ಮಾಡುವ ಜೀವಶಾಸ್ತ್ರದತ್ತ ತಿರುಗಿಸಿದರು. ಎಸ್.ಕೆ. ರಾಯ್ ಪಾರಿಜಾತದ ಹೂಗಳ ಎಸಳು ಎಣಿಸಿದರು. ಕೇರಳದ ತೆಂಗು ಸಂಶೋಧನಾ ಕೇಂದ್ರದಲ್ಲಿದ್ದ ಟಿ.ಎ. ಡೇವಿಸ್, ತೆಂಗಿನ ಗರಿಗಳು ಕೆಲವು ಮರಗಳಲ್ಲಿ ಎಡಕ್ಕೂ ಕೆಲವುದರಲ್ಲಿ ಬಲಕ್ಕೂ ಸುತ್ತುವುದನ್ನು ಗಮನಿಸಿ ಮರಗಳನ್ನು ಎಣಿಸುತ್ತ ಹೋದವರು. ಹಾಲ್ಡೇನ್ ಅವರನ್ನೂ ಕಲ್ಕತ್ತೆಗೆ ಕರೆಸಿಕೊಂಡರು. ಎಡಸುತ್ತಿನ ಮರದ ಕಾಯಿ ನೆಟ್ಟರೆ ಎಡಸುತ್ತೇ ಹುಟ್ಟಬೇಕಿಲ್ಲ, ಈ ಗುಣ ತಾಯಿಯಿಂದ ಬರುವುದಲ್ಲ ಎಂದು ಡೇವಿಸ್ 1962ರಲ್ಲಿ ಪ್ರಕಟಿಸಿದರು. ಉಪಕರಣ ಕಣ್ಣು, ಕಾಗದ, ಪೆನ್ಸಿಲ್ಲು.

ಎಳನೀರಿಗೆ ಹೆಸರಾದ ಮದ್ದೂರು ಸೀಮೆಯಲ್ಲಿ ಎಣಿಸಲು ಮರಗಳಿಗೇನು ಕೊರತೆ? ತೋಟದಲ್ಲಿ ನಿಂತು ಒಂದೊಂದು ಮರದ ಗರಿಗಳ ಬುಡ ಯಾವ ಕಡೆಗೆ ಏರುತ್ತ ಹೋಗಿದೆ ನೋಡಿ, ಗೀಟು ಹಾಕಿಕೊಳ್ಳಿ. ಸ್ವಲ್ಪ ಹೊತ್ತಿಗೆ ಒಂದು ಸಂದೇಹ ಬಂದೇ ಬರುತ್ತದೆ: ಇಲ್ಲಿಂದ ಎಡಕ್ಕೆ ಏರುವ ಸುತ್ತು ಮರದ ಆಚೆ ಬದಿಯಿಂದ ನೋಡಿದರೆ ಬಲಕ್ಕೆ ಏರುತ್ತದೆಯೇ? ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಮರವನ್ನು ಒಂದು ಸುತ್ತು ಹಾಕಲು ನಾಲ್ಕೈದು ಹೆಜ್ಜೆ ಸಾಕು.